ಮೂಕಂಡಪಲ್ಲಿಯ ಹಿಂಬೆಳಕು

ಬೆಂಗಳೂರಿನಿಂದ ಕೃಷ್ಣಗಿರಿಯತ್ತ ಸಾಗುವ 44ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಅತ್ತಿಬೆಲೆಯ ಗಡಿಯನ್ನು ದಾಟಿ ಬರುವವರಿಗೆ ಹೊಸೂರು ಪೇಟೆಗಿಂತ ಮೊದಲೇ ಮೂಕಂಡಪಲ್ಲಿ ಎದುರಾಗುತ್ತದೆ. ಎದುರಾಗುತ್ತದೆ ಎನ್ನುವುದಕ್ಕಿಂತ, ಊರೊಂದು ಇತ್ತೆಂದು ತಿಳಿಯುವ ಮೊದಲೇ ಹಿಂದೆ ಸರಿದುಹೋಗುತ್ತದೆ ಎಂದರೆ ಹೆಚ್ಚು ಸರಿಯಾದೀತು. ಒಂದು ಕಾಲಕ್ಕೆ ರಾಗಿ, ಹುರುಳಿ ಬೆಳೆಯುತ್ತಿದ್ದ ಈ ಬಯಲು 1970ರ ದಶಕದಿಂದೀಚೆಗೆ ಸಿಪ್ಕಾಟ್ ಕೈಗಾರಿಕಾ ವಸಾಹತಿನ ಅಂಗಳವಾಯಿತು. ಅಶೋಕ್ ಲೇಲ್ಯಾಂಡ್ ಲಾರಿಗಳೂ ಟಿವಿಎಸ್ ಮೋಟಾರುಗಳೂ ಟೈಟಾನ್ ಕೈಗಡಿಯಾರಗಳೂ ಹೊಸೂರಿನ ಹೆಸರನ್ನು ದೇಶದುದ್ದಕ್ಕೂ ಒಯ್ದವು. 2019ರಲ್ಲಿ ಹೊಸೂರು ಮಹಾನಗರಪಾಲಿಕೆಯಾಯಿತು. ಹಳೆಯ ಊರಿನ ಮನೆಗಳು, ಪಾಳಿ ಮುಗಿಸಿ ಬರುವ ಕಾರ್ಮಿಕರ ಬಾಡಿಗೆ ಕೋಣೆಗಳ ನಡುವೆ, ಇನ್ನೂ ಅಲ್ಲಲ್ಲಿ ಉಳಿದುಕೊಂಡಿವೆ.

ದೊಡ್ಡ ಕಾರ್ಖಾನೆಗಳಿರುವೆಡೆಯಲ್ಲಿ ಅವುಗಳ ನೆರಳಿನಲ್ಲಿ ಸಣ್ಣ ಕಸುಬುಗಳು ಬೆಳೆಯುವುದು ಸಹಜ. ಲೇತ್ ಅಂಗಡಿ, ವೆಲ್ಡಿಂಗ್ ಅಂಗಡಿ, ಟಿಂಕರಿಂಗ್ ಕೆಲಸದವರು, ಗಾಡಿಗಳ ವೈರಿಂಗ್ ಮಾಡುವ ಎಲೆಕ್ಟ್ರಿಷಿಯನ್‌ಗಳು, ಇವರೆಲ್ಲರ ಸಾಲು ಇಲ್ಲಿದೆ. ಈ ಅಂಗಡಿಗಳಲ್ಲಿ ಬೈಗುಳ ಒಂದು ಭಾಷೆಯಲ್ಲಿ, ಲೆಕ್ಕ ಇನ್ನೊಂದರಲ್ಲಿ, ಕುಶಲ ವಿಚಾರಣೆ ಮತ್ತೊಂದರಲ್ಲಿ ನಡೆಯುತ್ತದೆ. ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಒಂದೇ ವಾಕ್ಯದೊಳಗೆ ಕೂಡಿಬಂದರೂ ಯಾರಿಗೂ ಅಚ್ಚರಿಯಿಲ್ಲ.

ಮಾರ್ಗಶಿರದ ಒಂದು ಮಧ್ಯಾಹ್ನ ಇಂತಹ ಒಂದು ಅಂಗಡಿಯ ಮುಂದೆ ಎರಡು ಗಾಡಿಗಳು ನಿಂತಿದ್ದವು. ಒಂದು, ಬೆಂಗಳೂರಿನ ಯುವಕರು ತಂದ ಹೊಚ್ಚಹೊಸ ಥಾರ್. ಇನ್ನೊಂದು, ಬಣ್ಣ ಮಾಸಿ, ಟಾರ್ಪಾಲಿನ ಮೇಲ್ಛಾವಣಿಗೆ ತೇಪೆ ಹಾಕಿಸಿಕೊಂಡ ಹಳೆಯ ಮಹೀಂದ್ರ ಜೀಪು. ಎರಡನೆಯದರ ಒಡೆಯರು ಅಂಚೆಟ್ಟಿಯ ಹಾದಿಯಲ್ಲಿರುವ ಹಳ್ಳಿಯೊಂದರ ವೃದ್ಧ ರೈತರು. ಬೆಳಿಗ್ಗೆ ಟೊಮೇಟೊ ಮಾರಿ, ಹೊಸೂರಿನಲ್ಲಿ ಬಂಧುಗಳ ಮನೆಯಲ್ಲಿದ್ದುಕೊಂಡು ಕನ್ನಡ ಶಾಲೆಯಲ್ಲಿ ಏಳನೆಯ ತರಗತಿ ಓದುವ ಮೊಮ್ಮಗಳನ್ನು ರಜೆಗೆಂದು ಕರೆದುಕೊಂಡು, ಊರಿಗೆ ಹಿಂದಿರುಗುವ ಮುನ್ನ ಅವರು ಇಲ್ಲಿಗೆ ಬಂದಿದ್ದರು. ಎರಡೂ ಗಾಡಿಗಳಿಗೆ ಆಗಬೇಕಾಗಿದ್ದ ಕೆಲಸ ಒಂದೇ: ಹಿಂದಿನ ಬಂಪರಿಗೆ ಪ್ರಖರವಾದ ರಿವರ್ಸ್ ದೀಪ.

ಯುವಕರಿಗೆ ಅದು ಹವ್ಯಾಸದ ಮಾತು. ವೃದ್ಧರಿಗೆ ಹಾಗಲ್ಲ. ಹಿಂದಿನ ವರ್ಷ ಇದೇ ಕಾಲದಲ್ಲಿ, ರಾತ್ರಿ ಎಂಟರ ಸುಮಾರಿಗೆ, ಕಾಡಿನ ತಿರುವೊಂದರಲ್ಲಿ ಅವರ ಜೀಪಿನ ಮುಂದೆ ಒಂಟಿ ಸಲಗವೊಂದು ರಸ್ತೆಗೆ ಅಡ್ಡವಾಗಿ ನಿಂತಿತ್ತು. ಅಂದು ಕೂಡ ಮೊಮ್ಮಗಳು ಪಕ್ಕದಲ್ಲಿದ್ದಳು. ಹಾರನ್ ಮಾಡಬಾರದು, ದೀಪವನ್ನು ಮಿನುಗಿಸಿ ಕೆಣಕಬಾರದು, ಸದ್ದಿಲ್ಲದೆ ಹಿಂದಕ್ಕೆ ಸರಿಯಬೇಕು ಎಂಬುದು ಆ ಸೀಮೆಯವರೆಲ್ಲ ಬಲ್ಲ ಪಾಠ. ಆದರೆ ಹಿಂದಕ್ಕೆ ಸರಿಯುವುದು ಎಲ್ಲಿಗೆ? ಹಿಂದೆ ಕತ್ತಲೆಯಲ್ಲದೆ ಬೇರೇನೂ ಇರಲಿಲ್ಲ. ಕತ್ತನ್ನು ಹೊರಗೆ ಚಾಚಿ, ಅಂದಾಜಿನ ಮೇಲೆ ಒಂದು ತಿರುವನ್ನು ದಾಟಿಸಿದರು. ಎರಡನೆಯ ತಿರುವಿನಲ್ಲಿ ಎಡಗಡೆಯ ಹಿಂಚಕ್ರ ಮೋರಿಗೆ ಇಳಿಯಿತು. ಆನೆ ತನ್ನ ಪಾಡಿಗೆ ತಾನು ಕಾಡಿಗಿಳಿಯುವವರೆಗೆ, ಅರ್ಧ ಗಂಟೆಯ ಕಾಲ, ಮಗುವಿನ ಕೈ ಹಿಡಿದು ಉಸಿರು ಬಿಗಿಹಿಡಿದು ಕುಳಿತಿದ್ದರಂತೆ. ಆ ರಾತ್ರಿಯ ಮಾತನ್ನು ಮೊಮ್ಮಗಳು ಹೇಳುತ್ತಾಳೆಯೇ ಹೊರತು ತಾತ ಹೇಳುವುದಿಲ್ಲ.

ಜೀಪಿನ ಜಾತಿಯ ಗಾಡಿಗಳಿಗೆ ಹಿಂದಿನ ನೋಟ ಹುಟ್ಟಿನಿಂದಲೇ ಮಂದ. ಮಹೀಂದ್ರ ಕಂಪನಿಯವರು 1940ರ ದಶಕದ ಕೊನೆಗೆ ವಿಲ್ಲೀಸ್ ಜೀಪುಗಳನ್ನು ಭಾರತದಲ್ಲಿ ಜೋಡಿಸಲಾರಂಭಿಸಿದ ಕಾಲದಿಂದಲೂ ಅದರ ವಿನ್ಯಾಸದ ಗಮನವೆಲ್ಲ ಮುಂದಿನ ದಾರಿಯ ಮೇಲೆಯೇ. 2010ರಲ್ಲಿ ಬಂದ ಥಾರ್ ಕೂಡ ಆ ವಂಶದ್ದೇ. ಹಿಂಬಾಗಿಲಿಗೆ ತೂಗುಹಾಕಿದ ಸ್ಟೆಪ್ನಿ ಚಕ್ರವು ಗಾಜಿನ ಕೆಳಭಾಗವನ್ನು ಮರೆಮಾಡುತ್ತದೆ. ಆ ಚಕ್ರದ ಮರೆಯಲ್ಲಿ ಐದಾರು ವರ್ಷದ ಮಗುವೊಂದು ನಿಂತಿದ್ದರೆ ಹಗಲಿನಲ್ಲಿಯೇ ಕಾಣುವುದು ಕಷ್ಟ. ರಾತ್ರಿಯ ಮಾತು ಬೇರೆ ಹೇಳಬೇಕಾಗಿಲ್ಲ. ಸಾಮಾನ್ಯವಾಗಿ ರಿವರ್ಸ್ ದೀಪಕ್ಕಿರುವುದು 21 ವ್ಯಾಟಿನ ತಂತಿಬಲ್ಬು. ಅದು ನುಂಗುವ ವಿದ್ಯುತ್ತಿನ ಬಹುಪಾಲು ಶಾಖವಾಗಿ ಹೋಗಿ, ಬೆಳಕಾಗಿ ಹೊರಬರುವುದು 460 ಲ್ಯೂಮೆನ್‌ನಷ್ಟು. ಬೀದಿದೀಪಗಳಿರುವ ನಗರದಲ್ಲಿ ಅದು ಸಾಕು. ಹಿಂದಿನವರಿಗೆ 'ನಾನು ಹಿಂದಕ್ಕೆ ಬರುತ್ತಿದ್ದೇನೆ' ಎಂದು ತಿಳಿಸುವುದೇ ಅಲ್ಲಿ ಆ ದೀಪದ ಮುಖ್ಯ ಕೆಲಸ. ಕಾಡಿನಲ್ಲಿ ಸಾರಥಿಗೇ ಅದರ ಅಗತ್ಯ ಬೀಳುತ್ತದೆ. 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಹಿಂದಿನ ಅಡೆತಡೆಯನ್ನು ಸದ್ದಿನಿಂದ ತಿಳಿಸುವ ಸೆನ್ಸರುಗಳು ಕಡ್ಡಾಯವಾಗಿವೆ, ನಿಜ. ಆದರೆ ಆ ಸೆನ್ಸರು ಎದ್ದುನಿಂತ ವಸ್ತುವಿನಿಂದ ಮರಳಿ ಬರುವ ಶಬ್ದದ ಅಲೆಯನ್ನು ಗ್ರಹಿಸುತ್ತದೆ; ನೆಲ ಕುಸಿದು ಮೋರಿಯಾದಲ್ಲಿ ಮರಳಿ ಬರಲು ಏನಿದೆ? ತಗ್ಗನ್ನು ಕಾಣಲು ಕಣ್ಣೇ ಬೇಕು, ಕಣ್ಣಿಗೆ ಬೆಳಕು ಬೇಕು.

"ಗೌಡ್ರೇ, ಬೆಳಕು ಎಷ್ಟು ದೂರ ಬೀಳ್ಬೇಕು?" ಎಂದು ಎಲೆಕ್ಟ್ರಿಷಿಯನ್ ಕೇಳಿದನು.

"ನಮ್ಮನೆ ಹಿತ್ತಲಷ್ಟು ದೂರ ಬಿದ್ರೆ ಸಾಕಪ್ಪ. ಮೋರಿ ಕಾಣ್ಬೇಕು, ಮಕ್ಕಳು ಕಾಣ್ಬೇಕು."

ಈ ಉತ್ತರದಲ್ಲಿ ಅರ್ಧ ಶಾಸ್ತ್ರವೇ ಅಡಗಿದೆ. ದೂರಕ್ಕೆ ಈಟಿಯಂತೆ ಚುಚ್ಚುವ ದೀಪ ಹಿಂದಕ್ಕೆ ಸರಿಯುವವರಿಗೆ ನಿಷ್ಪ್ರಯೋಜಕ. ಚಕ್ರದ ಬುಡದಿಂದ ಹತ್ತು ಹದಿನೈದು ಅಡಿಯವರೆಗೆ, ಎಡಬಲಗಳಿಗೆ ಚಾಪೆಯಂತೆ ಹಾಸುವ ಬೆಳಕು ಅವರಿಗೆ ಬೇಕು. ಎಲೆಕ್ಟ್ರಿಷಿಯನ್ ಆರಿಸಿದ್ದು 18 ವ್ಯಾಟಿನ ಎರಡು ಎಲ್‌ಇಡಿ ದೀಪಗಳನ್ನು, ಅದರಲ್ಲಿಯೂ ಅಗಲಕ್ಕೆ ಹರಡುವ ಬಗೆಯದನ್ನು. ನೀಲಿಯ ಛಾಯೆಯ ಬಿಳುಪಿಗಿಂತ ಕೊಂಚ ಹಳದಿ ಬೆರೆತ ಬಿಳುಪು ಧೂಳಿನಲ್ಲಿಯೂ ಮಂಜಿನಲ್ಲಿಯೂ ಕಣ್ಣಿಗೆ ಹಿತ ಎಂಬುದು ಅವನ ಅನುಭವ. ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಲ್ಯೂಮೆನ್ ಸಂಖ್ಯೆಗಳನ್ನು ಅವನು ನಂಬುವುದಿಲ್ಲ, ನಂಬದಿರುವುದೇ ಒಳ್ಳೆಯದು.

ವೈರಿಂಗ್ ಕೆಲಸ ಆರಂಭವಾದಾಗ ಮೊಮ್ಮಗಳು ಸ್ಟೂಲಿನಿಂದೆದ್ದು ಹತ್ತಿರ ಬಂದಳು. ರಿವರ್ಸ್ ಗೇರು ಹಾಕಿದಾಗ ಗೇರುಪೆಟ್ಟಿಗೆಯಲ್ಲಿರುವ ಒಂದು ಸಣ್ಣ ಸ್ವಿಚ್ಚು ಒತ್ತಲ್ಪಟ್ಟು ಹಳೆಯ ದೀಪಕ್ಕೆ ವಿದ್ಯುತ್ತು ಹರಿಯುತ್ತದೆ. ಹೊಸ ದೀಪಗಳನ್ನು ಅದೇ ತಂತಿಗೆ ಗಂಟುಹಾಕಿದರೆ ಏನಾಗುತ್ತದೆ? ಎರಡೂ ಸೇರಿ 36 ವ್ಯಾಟ್. ಬ್ಯಾಟರಿ 12 ವೋಲ್ಟ್. ಭಾಗಿಸಿದರೆ 3 ಆಂಪಿಯರ್. ಹಳೆಯ ಬಲ್ಬಿನ ಹೊರೆಯ ಮೇಲೆ ಇದೂ ಸೇರಿದರೆ, ವಯಸ್ಸಾದ ಆ ತಂತಿ ಬಿಸಿಯೇರುತ್ತದೆ, ಸ್ವಿಚ್ಚಿನ ಬಾಯಿ ಸುಟ್ಟುಹೋಗುತ್ತದೆ. ಆದುದರಿಂದ ನಡುವೆ ರಿಲೇ ಎಂಬ ಪುಟ್ಟ ಪೆಟ್ಟಿಗೆಯನ್ನು ಇಡುತ್ತಾರೆ. ಬ್ಯಾಟರಿಯಿಂದ ಫ್ಯೂಸಿನ ಮೂಲಕ ಬಂದ ದಪ್ಪ ತಂತಿ ಅದರ 30ನೆಯ ಕಾಲಿಗೆ. ದೀಪಕ್ಕೆ ಹೋಗುವುದು 87ರಿಂದ. ಹಳೆಯ ರಿವರ್ಸ್ ದೀಪದ ತಂತಿಯಿಂದ ತೆಗೆದ ಸಣ್ಣ ಎಳೆ 86ಕ್ಕೆ. 85 ನೆಲಕ್ಕೆ, ಎಂದರೆ ಚಾಸಿಗೆ. ಸಣ್ಣ ಎಳೆಯಲ್ಲಿ ವಿದ್ಯುತ್ತು ಹರಿದೊಡನೆ ಒಳಗಿನ ಸುರುಳಿ ಅಯಸ್ಕಾಂತವಾಗಿ ದೊಡ್ಡ ದಾರಿಯ ಬಾಗಿಲನ್ನು ಸೆಳೆದು ಮುಚ್ಚುತ್ತದೆ.

"ಕೆರೆ ತೂಬು ನೋಡಿದ್ದೀಯಾ ಪಾಪ? ಎತ್ತೋನು ಒಬ್ಬ, ಹರಿಯೋ ನೀರು ಊರಿಗೆಲ್ಲ. ಅಷ್ಟೇ ಇದು," ಎಂದನು ಎಲೆಕ್ಟ್ರಿಷಿಯನ್. ಪಾಠಪುಸ್ತಕದಲ್ಲಿ ಮೊಳೆಗೆ ತಂತಿ ಸುತ್ತಿ ಗುಂಡುಸೂಜಿ ಎತ್ತುವ ವಿದ್ಯುತ್ಕಾಂತದ ಚಿತ್ರವಿದೆಯೆಂದು ಆ ಹುಡುಗಿ ಹೇಳಿದಾಗ, ಅವನು ಕೆಟ್ಟುಹೋದ ರಿಲೇ ಒಂದರ ಮುಚ್ಚಳ ಬಿಚ್ಚಿ ಅವಳ ಅಂಗೈಯಲ್ಲಿಟ್ಟನು. ಶಾಲೆಯ ಪಾಠವೊಂದು ಗ್ರೀಸ್ ಮೆತ್ತಿದ ಕೈಗಳಿಂದ ದೃಢವಾಗುವುದು ಮೂಕಂಡಪಲ್ಲಿಯಂತಹ ಊರಿನ ಭಾಗ್ಯ.

ಮುಂದಿನದು ಶ್ರಮದ ಕೆಲಸ. ಚಾಸಿಯ ಬಣ್ಣವನ್ನು ಉಜ್ಜಿ ಕಬ್ಬಿಣ ಹೊಳೆಯುವಂತೆ ಮಾಡಿ ಅರ್ತ್ ತಂತಿಯನ್ನು ಬಿಗಿಯಬೇಕು. ಇಲ್ಲದಿದ್ದರೆ ದೀಪ ಮಿಣುಕುತ್ತದೆ. ಹೊಳೆ ಹಳ್ಳ ದಾಟುವ ಗಾಡಿಯಾದುದರಿಂದ ಜೋಡಣೆಗಳಿಗೆ ನೀರು ಸೇರದಂತೆ ಮುಚ್ಚಬೇಕು, ತಂತಿಗಳಿಗೆ ಸುಕ್ಕುಕೊಳವೆ ತೊಡಿಸಿ ಸೈಲೆನ್ಸರಿನ ಶಾಖದಿಂದ ದೂರ ಕಟ್ಟಬೇಕು. ಬಂಪರನ್ನು ಕತ್ತರಿಸದೆ, ಅದರ ಕೆಳಗೆ ಎರಡು ಪಟ್ಟಿಗಳನ್ನು ಬೋಲ್ಟ್ ಹಾಕಿ ದೀಪಗಳನ್ನು ಕೂರಿಸಲಾಯಿತು. ತೀರಾ ಕೆಳಗಾದರೆ ಕೆಸರು ಮೆತ್ತುತ್ತದೆ, ಕಲ್ಲು ಬಡಿಯುತ್ತದೆ. ನೆಲದಿಂದ 25 ಸೆಂಟಿಮೀಟರಿಗಿಂತ ಕೆಳಗಾಗಲಿ 120ಕ್ಕಿಂತ ಮೇಲಾಗಲಿ ರಿವರ್ಸ್ ದೀಪ ಇರಕೂಡದೆಂಬ ವಿಶ್ವಸಂಸ್ಥೆಯ ವಾಹನ ನಿಯಮಾವಳಿಯ ಮಿತಿಗೂ ಅನುಭವಕ್ಕೂ ಇಲ್ಲಿ ವಿರೋಧವಿಲ್ಲ.

ಅತ್ತ ಥಾರಿನ ಯುವಕರ ಬೇಡಿಕೆ ಬೇರೆ. ಗೇರಿನ ಹಂಗಿಲ್ಲದೆ, ಬೇಕೆಂದಾಗ ಹೊತ್ತಿಸಲು ಡ್ಯಾಶ್‌ಬೋರ್ಡಿನಲ್ಲಿ ಪ್ರತ್ಯೇಕ ಸ್ವಿಚ್ಚು ಬೇಕೆಂದರು. ಕ್ಯಾಂಪಿನಲ್ಲಿ ಅಡುಗೆಗೆ ಬೆಳಕಾಗುತ್ತದೆಂಬುದು ಅವರ ವಾದ. ಎಲೆಕ್ಟ್ರಿಷಿಯನ್ ಒಪ್ಪಲಿಲ್ಲ. ಅವನ ಹಠಕ್ಕೆ ಕಾನೂನಿನ ಬೆಂಬಲವೂ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 108ನೆಯ ನಿಯಮದಂತೆ ವಾಹನದ ಹಿಂದೆ ಕೆಂಪಲ್ಲದ ಬೆಳಕು ತೋರಕೂಡದು. ಅದಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ಹಿಂದಕ್ಕೆ ಸರಿಯುವಾಗಿನ ಬಿಳಿ ಬೆಳಕೂ ಒಂದು. ಸರಿಯುವಾಗ ಮಾತ್ರ. ಮರೆತು ಹೊತ್ತಿಸಿಕೊಂಡೇ ಹೆದ್ದಾರಿಯಲ್ಲಿ ಮುಂದೆ ಓಡುವ ಗಾಡಿ, ಹಿಂದೆ ಬರುವ ದ್ವಿಚಕ್ರ ವಾಹನದವನ ಕಣ್ಣನ್ನು ಕಟ್ಟಿಬಿಡುತ್ತದೆ. ಪಾಳಿ ಬಿಟ್ಟ ಸಮಯದಲ್ಲಿ ಈ ರಸ್ತೆಯಲ್ಲಿ ದ್ವಿಚಕ್ರ ವಾಹನಗಳ ಸಂಖ್ಯೆ ಎಷ್ಟೆಂಬುದನ್ನು ಹೊಸೂರಿನವರಿಗೆ ಹೇಳಬೇಕಾಗಿಲ್ಲ. ಬಂಪರುಗಳ ವಿಷಯವೂ ಸೂಕ್ಷ್ಮವಾದದ್ದೇ. ತಯಾರಕರು ಕೊಟ್ಟ ವಿವರಗಳಿಂದ ವಾಹನವನ್ನು ಬೇರೆಯಾಗಿಸುವಂತೆ ಬದಲಿಸುವುದನ್ನು ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಡೆಯುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಇನ್ನು ಹಿಂದಿನ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಿ, ಆ ಕತ್ತಲನ್ನು ಗೆಲ್ಲಲು ದೀಪ ಬೇಡುವವರ ತರ್ಕವಂತೂ ವಿಚಿತ್ರ. ಆ ಫಿಲ್ಮನ್ನು 2012ರಲ್ಲಿಯೇ ಅದೇ ನ್ಯಾಯಾಲಯ ನಿಷೇಧಿಸಿದೆ.

ಸಂಜೆ ಐದೂವರೆಗೆ ಜೀಪು ಹೊರಟಿತು. ಚಂದ್ರಚೂಡೇಶ್ವರನ ಬೆಟ್ಟ ಹಿಂದಾಯಿತು, ಮತ್ತಿಗಿರಿ ಕಳೆಯಿತು. ಡೆಂಕಣಿಕೋಟೆಯವರೆಗಿನ ಹಾದಿಯ ಎರಡೂ ಬದಿಗೆ ಗುಲಾಬಿಯ ಹಸಿರುಮನೆಗಳು, ಕೋಸಿನ ಹೊಲಗಳು, ನಡುನಡುವೆ ಕೊಯ್ಲಿಗೆ ಬಂದ ರಾಗಿ. ಡೆಂಕಣಿಕೋಟೆಯಲ್ಲಿ ಬೇಟರಾಯಸ್ವಾಮಿಗೆ ಕುಳಿತಲ್ಲಿಂದಲೇ ಕೈಮುಗಿದು, ಒಂದು ಕಾಫಿ ಕುಡಿದು, ಅಂಚೆಟ್ಟಿಯ ದಾರಿ ಹಿಡಿಯುವ ಹೊತ್ತಿಗೆ ಕತ್ತಲಾಗಿತ್ತು.

ಇಲ್ಲಿಂದ ಮುಂದಿನದು ಬೇರೆಯೇ ಲೋಕ. ಕಾಡಿನ ನಡುವೆ ರಸ್ತೆ ತಿರುತಿರುಗಿ ಇಳಿಯುತ್ತದೆ. ಮುಂದಕ್ಕೆ ಹೋದರೆ ಹೊಗೇನಕಲ್ಲಿನಲ್ಲಿ ಕಾವೇರಿ. ಈ ಅರಣ್ಯದ 504 ಚದರ ಕಿಲೋಮೀಟರಿನಷ್ಟು ಪ್ರದೇಶವನ್ನು 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. 2022ರಲ್ಲಿ ಕಾವೇರಿ ದಕ್ಷಿಣ ಧಾಮವೂ ಸೇರಿಕೊಂಡಿತು. ರಾಜ್ಯಗಳ ಗಡಿ ಆನೆಗಳಿಗೆ ತಿಳಿಯದು. ಪ್ರತಿ ವರ್ಷ ರಾಗಿ ತೆನೆಗಟ್ಟುವ ಕಾಲಕ್ಕೆ ಬನ್ನೇರುಘಟ್ಟದ ಕಡೆಯಿಂದ ಹಿಂಡುಗಳು ಜವಳಗಿರಿಯ ಮಾರ್ಗವಾಗಿ ಈ ಕಾಡುಗಳಿಗೆ ಬರುತ್ತವೆ, ಕೆಲವು ಹೊಸೂರಿನ ಹತ್ತಿರದ ಸಾನಮಾವಿನವರೆಗೂ ಹೋಗುತ್ತವೆ. ಹೊಲದ ಅಂಚಿನ ಅಟ್ಟಣೆಗಳಲ್ಲಿ ರೈತರು ಟಾರ್ಚು, ತಮಟೆ, ಪಟಾಕಿ ಹಿಡಿದು ರಾತ್ರಿಯಿಡೀ ಕಾಯುತ್ತಾರೆ. ಆನೆಗೂ ಹಸಿವು, ಇವರಿಗೂ ವರ್ಷದ ಅನ್ನ.

ಹಿಂದಿನ ವರ್ಷದ ಆ ತಿರುವು ಬಂದಾಗ ಇಬ್ಬರೂ ಮಾತು ನಿಲ್ಲಿಸಿದರು. ಆನೆಯಿರಲಿಲ್ಲ, ರಸ್ತೆಯ ಮೇಲೆ ಇನ್ನೂ ಹಸಿಯಾಗಿದ್ದ ಲದ್ದಿಯಿತ್ತು, ಮುರಿದ ಬಿದಿರಿನ ಎಲೆಗಳಿದ್ದವು. ತಾತ ತುಸು ಯೋಚಿಸಿ, ಗಾಡಿ ನಿಲ್ಲಿಸಿ, ರಿವರ್ಸ್ ಗೇರು ಹಾಕಿದರು. ಹಿಂದಿನ ಕತ್ತಲೆ ಒಮ್ಮೆಲೇ ಬಯಲಾಯಿತು. ಟಾರಿನ ಅಂಚು, ಅದರಾಚೆಯ ಹುಲ್ಲು, ಹುಲ್ಲಿನ ಮರೆಯ ಮೋರಿ, ಮೋರಿಯ ಕಲ್ಲಿಗೆ ಕಳೆದ ವರ್ಷ ಜೀಪು ಬಿಟ್ಟುಹೋದ ಹಸಿರು ಬಣ್ಣದ ಗೀರು. ಅದೇ ಎರಡು ತಿರುವುಗಳನ್ನು ಜೀಪು ಹಿಂದುಹಿಂದಾಗಿ ದಾಟಿತು. ಚಕ್ರ ಟಾರನ್ನು ಬಿಡಲಿಲ್ಲ.

"ಸಾಕು ತಾತ, ಮನೆಗೆ ಹೋಗಣ," ಎಂದಳು ಮೊಮ್ಮಗಳು.

ಮನೆ ಸೇರಿದಾಗ ಎಂಟು ಗಂಟೆ ದಾಟಿತ್ತು. ಅಂಗಳಕ್ಕೆ ಜೀಪನ್ನು ಹಿಮ್ಮುಖವಾಗಿ ತರುವುದು ಅಲ್ಲಿನ ವಾಡಿಕೆ. ಬೆಳಿಗ್ಗೆ ಹೊರಡಲು ಸುಲಭ. ಹೊಸ ಬೆಳಕಿನಲ್ಲಿ ರಾಗಿಯ ಮೆದೆ, ಗೂಟಕ್ಕೆ ಕಟ್ಟಿದ ಕರು, ಸದ್ದು ಕೇಳಿ ಓಡಿಬಂದು ಮೆದೆಯ ಪಕ್ಕದಲ್ಲಿಯೇ ನಿಂತಿದ್ದ ಕಿರಿಯ ಮೊಮ್ಮಗ, ಎಲ್ಲವೂ ಸ್ಪಷ್ಟವಾಗಿ ಕಂಡವು. ತಾತ ಬ್ರೇಕು ಒತ್ತಿದರು. ಹುಡುಗ ಕಣ್ಣಿಗೆ ಕೈ ಅಡ್ಡ ಹಿಡಿದು ಕುಣಿಯುತ್ತಿದ್ದನು.

ಅಷ್ಟರಲ್ಲಿ ಅಂಗಳದಾಚೆಯ ಮನೆಯ ಜಗಲಿಯಿಂದ ಮುದುಕಿಯೊಬ್ಬರ ದನಿ ಬಂದಿತು: "ಏನಣ್ಣಾ ಅದು, ಕಣ್ಣಿಗೆ ಮಿಂಚು ಹೊಡ್ದಂಗೆ! ಆರ್ಸು ಮೊದ್ಲು!"

ಗೇರು ತಟಸ್ಥಕ್ಕೆ ಬಂದಿತು, ದೀಪ ಆರಿತು. ಮರುದಿನ ಬೆಳಿಗ್ಗೆ ಹಾಲು ಕರೆದಾದ ಮೇಲೆ ತಾತ ಸ್ಪ್ಯಾನರ್ ಹಿಡಿದು ಜೀಪಿನ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತರು. ಎರಡೂ ದೀಪಗಳ ನಟ್ಟು ಸಡಿಲಿಸಿ, ಮುಖಗಳನ್ನು ಎರಡು ಬೆರಳಿನಷ್ಟು ನೆಲದ ಕಡೆಗೆ ಬಾಗಿಸಿ, ಮತ್ತೆ ಬಿಗಿದರು.