ಕಿತ್ತೂರಿನಿಂದ ಬೈಲಹೊಂಗಲಕ್ಕೆ ಕಾಲ್ನಡಿಗೆ

ಪ್ರವಾಸವೆಂದರೆ ಕಾಶಿ ರಾಮೇಶ್ವರಗಳೇ ಎಂದು ಬಗೆಯುವವರು ಬಹಳ. ಆದರೆ ನಮ್ಮ ಸೀಮೆಯ ಹಾದಿಗಳನ್ನು ಕಾಲಿನಿಂದ ಅಳೆದು ನೋಡಿದವರಿಗೆ, ಮನೆಯಲ್ಲಿ ಕುಳಿತು ಓದಿದ ಇತಿಹಾಸವು ಬೇರೆಯೇ ಆಗಿ ತೋರುವುದುಂಟು. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ, ಈ ನಾಲ್ಕು ಊರುಗಳನ್ನೂ ನಡೆದೇ ಮುಟ್ಟಬೇಕೆಂದು ನಾವು ಮೂವರು ಗೆಳೆಯರು ಗೊತ್ತುಮಾಡಿಕೊಂಡು ಹೊರಟೆವು. ಇದು ಮೊದಲನೆಯ ದಿನದ ವೃತ್ತಾಂತ. ದೂರ ಸುಮಾರು 25 ಕಿಲೋಮೀಟರು. ಹಿರಿಯರ ಲೆಕ್ಕದಲ್ಲಿ ಐದು ಹರದಾರಿ.

ಪುಷ್ಯಮಾಸದ ಚಳಿ. ಮೂಡಲು ಕೆಂಪಾಗುವ ಹೊತ್ತಿಗೆ ಕಿತ್ತೂರ ಕೋಟೆಯೊಳಗೆ ನಿಂತಿದ್ದೆವು. ಅರಮನೆಯ ಮಾಳಿಗೆಗಳಿಲ್ಲ; ಮೋಟುಗೋಡೆಗಳು ಮಾತ್ರ ಉಳಿದಿವೆ. ಅವುಗಳಲ್ಲೊಂದರಲ್ಲಿ ಧ್ರುವನಕ್ಷತ್ರವನ್ನು ನೋಡಲೆಂದು ಮಾಡಿದ ದುಂಡನೆಯ ಕಿಂಡಿಯಿದೆ. ಬೈಲಹೊಂಗಲವಿರುವುದೂ ಹೆಚ್ಚುಕಡಿಮೆ ಆ ದಿಕ್ಕಿಗೇ. ಅರಮನೆಯವರು ಯಾವ ಕಡೆಗೆ ಕಣ್ಣಿಟ್ಟು ನಕ್ಷತ್ರವನ್ನು ನೋಡುತ್ತಿದ್ದರೋ, ಆ ಕಡೆಗೇ ಕಡೆಯಲ್ಲಿ ಅವರ ಸೆರೆಮನೆಯಾಯಿತು.

ಕಥೆಯನ್ನು ಬಲ್ಲವರಿಗೂ ಎರಡು ಮಾತು ನೆನಪಿಸಬೇಕು. ಮಲ್ಲಸರ್ಜ ದೇಸಾಯಿಯವರು 1816ರಲ್ಲಿ ತೀರಿಕೊಂಡರು; ಅವರ ಮಗ ಶಿವಲಿಂಗರುದ್ರಸರ್ಜರು 1824ರ ಸೆಪ್ಟೆಂಬರಿನಲ್ಲಿ ಸಂತಾನವಿಲ್ಲದೆ ಕಾಲವಾದರು. ಆದ ದತ್ತಕವನ್ನು ಧಾರವಾಡದ ಕಲೆಕ್ಟರ ಥ್ಯಾಕರೆಯು ಒಪ್ಪಲಿಲ್ಲ. ರಾಣಿ ಚೆನ್ನಮ್ಮನವರು ಮಣಿಯಲಿಲ್ಲ. 1824ರ ಅಕ್ಟೋಬರ 23ರಂದು ಥ್ಯಾಕರೆಯು ಇಲ್ಲಿಯೇ ಮಡಿದನು. ಆದರೆ ಡಿಸೆಂಬರಿನ ಮೊದಲ ವಾರದಲ್ಲಿ ದೊಡ್ಡ ದಂಡು ಬಂದು ಕೋಟೆಯನ್ನು ಹಿಡಿಯಿತು. ರಾಣಿಯವರನ್ನು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿಟ್ಟರು. ಗೆಲವಿಗೂ ಸೋಲಿಗೂ ನಡುವೆ ಆರು ವಾರ. ಅರಮನೆಗೂ ಸೆರೆಗೂ ನಡುವೆ ಒಂದು ದಿನದ ನಡಿಗೆ.

ನಾವು ಸಂಗೊಳ್ಳಿಯ ಮೇಲಿನ ಹಾದಿಯನ್ನು ಹಿಡಿದೆವು. ಕಿತ್ತೂರ ಕಡೆಗೆ ಇನ್ನೂ ಮಲೆನಾಡಿನ ಸೆರಗಿನ ನೆಲ. ನಡೆಯುತ್ತ ಹೋದಂತೆ ಗಿಡಮರಗಳು ವಿರಳವಾಗಿ, ಮಣ್ಣು ಕಪ್ಪಾಗಿ, ಬಯಲು ಬಿಚ್ಚಿಕೊಳ್ಳುತ್ತದೆ. ಹಿಂಗಾರಿ ಜೋಳ ತೆನೆಗಟ್ಟಿತ್ತು. ನಡುನಡುವೆ ಕಡಲೆಯ ಹೊಲಗಳು. ಬಸ್ಸುಗಳೂ ಕಬ್ಬಿನ ಟ್ರ್ಯಾಕ್ಟರುಗಳೂ ಧೂಳೆಬ್ಬಿಸಿ ಹೋಗುವಾಗ ನಾವು ಹೊಲದ ಬದುವನ್ನು ಹತ್ತಬೇಕಾಗುತ್ತಿತ್ತು.

ಅಂಥದೊಂದು ಬದುವಿನ ಮೇಲೆ ಬುತ್ತಿ ಬಿಚ್ಚುತ್ತಿದ್ದ ಮುದುಕಿಯೊಬ್ಬರು ನಮ್ಮನ್ನು ಕಂಡು, "ಯಾಕ್ರೆಪಾ, ಬಸ್ಸ ತಪ್ಪೇತೇನು?" ಎಂದರು.

"ಇಲ್ಲ ಯವ್ವಾ, ಕಿತ್ತೂರಿಂದ ಬೈಲಹೊಂಗಲಕ್ಕ ನಡಕೊಂತನ ಹೊಂಟೇವಿ."

"ಹಂಗಾದ್ರ ಚೆನ್ನಮ್ಮನ ಹಾದೀನ ಹಿಡದೀರಿ ಅನ್ರಿ. ಹಸಗೊಂಡ ಹೋಗಬ್ಯಾಡ್ರಿ, ಕುಂದರ್ರಿ."

ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಹೆಸರು ಕುಲ ಕೇಳದೆ ಮೂವರಿಗೂ ಉಣಬಡಿಸಿದ ಆ ಕೈಗೆ ಏನು ಕೊಡಹೋದರೂ ಅಲ್ಪವೇ.

ಮಧ್ಯಾಹ್ನದ ಹೊತ್ತಿಗೆ ಸಂಗೊಳ್ಳಿ. ಮಲಪ್ರಭೆಯ ದಂಡೆಯ ಊರು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಹೊಳೆ ಇಲ್ಲಿ ಸಾವಕಾಶವಾಗಿ ಹರಿಯುತ್ತದೆ. ಮುಂದೆ ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಗುಡ್ಡವನ್ನು ಸೀಳಿಕೊಂಡು ಹೋಗಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ನೀರಿನಲ್ಲಿ ಕಾಲಿಳಿಬಿಟ್ಟು ಕುಳಿತಾಗ ನಮಗೆ ಒಂದು ಸಂಗತಿ ಹೊಳೆಯಿತು. ರಾಯಣ್ಣನ ಈ ಊರು ಅರಮನೆಗೂ ಸೆರೆಗೂ ಸರಿಸುಮಾರು ನಡುವೆ ಇದೆ. ಆಳುವವರು ರಾಣಿಯನ್ನು ಕಡಲಾಚೆಗೆ ಕಳಿಸಲಿಲ್ಲ. ಅವರ ಜನ ಉತ್ತುಬಿತ್ತುವ ನೆಲದ ನಡುವೆಯೇ ಇಟ್ಟರು. ಒಬ್ಬ ಓಲೆಕಾರನು ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ಮುಟ್ಟುವಷ್ಟು ದೂರ. ಆ ಸಮೀಪವು ಸೆರೆಯಲ್ಲಿದ್ದವರಿಗೆ ಸಮಾಧಾನವಾಯಿತೋ, ಸಂಕಟವಾಯಿತೋ! ನಾಲ್ಕು ವರ್ಷಗಳ ಮೇಲೆ, 1829ರ ಫೆಬ್ರವರಿಯಲ್ಲಿ, ಅವರು ಸೆರೆಯಲ್ಲಿಯೇ ಕಣ್ಣುಮುಚ್ಚಿದರು. ಅನಂತರ ರಾಯಣ್ಣನು ದಂಗೆಯೆದ್ದು, ಹಿಡಿಯಲ್ಪಟ್ಟು, 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿದನು. ಕೋಟೆ ಬಿದ್ದು ಆರು ವರ್ಷಗಳಾಗಿದ್ದರೂ ನಾಡು ಸೋಲನ್ನು ಒಪ್ಪಿರಲಿಲ್ಲ.

ಹೊಳೆ ದಾಟಿದ ಮೇಲಿನ ನಡಿಗೆ ಕಠಿನ. ನೆರಳಿಲ್ಲ, ಅಂಗಾಲಿನಲ್ಲಿ ಬೊಕ್ಕೆಗಳೆದ್ದವು. ಮೂವರ ಮಾತೂ ನಿಂತಿತು. ದೀಪ ಹಚ್ಚುವ ಹೊತ್ತಿಗೆ ಬೈಲಹೊಂಗಲವನ್ನು ಸೇರಿ, ಬಿಡಾರವನ್ನು ಹುಡುಕುವ ಮೊದಲೇ ರಾಣಿಯವರ ಸಮಾಧಿಗೆ ಹೋದೆವು. ಪೇಟೆಯ ಗದ್ದಲದ ನಡುವೆ ಒಂದು ತೋಟ, ತೋಟದಲ್ಲಿ ಸಮಾಧಿ. ಯಾರೋ ಇಟ್ಟುಹೋದ ಚೆಂಡುಹೂವು ಬಾಡಿತ್ತು. ತಾಯಿಯೊಬ್ಬರು ಚಿಕ್ಕ ಮಗಳಿಗೆ ಕೈಮುಗಿಯಲು ಕಲಿಸುತ್ತಿದ್ದರು.

ಕಿತ್ತೂರಿನ ಗೆಲವನ್ನು ನಾವು ಪ್ರತಿವರ್ಷ ಅಕ್ಟೋಬರಿನಲ್ಲಿ ಉತ್ಸವದಿಂದ ನೆನೆಯುತ್ತೇವೆ, ಅದು ಯೋಗ್ಯವೇ. ಆದರೆ ಗೆಲವು ಒಂದು ದಿನದ್ದು. ಸೆರೆಯಲ್ಲಿ ಕಳೆದ ದಿನಗಳು ಸಾವಿರಕ್ಕೂ ಮೇಲು. ಧೈರ್ಯದ ಹೆಚ್ಚಿನ ಪಾಲು ಅಲ್ಲಿಯೇ ವೆಚ್ಚವಾಗಿರಬೇಕು. ಆದುದರಿಂದ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ: ಮಕ್ಕಳಿಗೆ ಕಿತ್ತೂರಿನ ಕೋಟೆಯನ್ನು ತೋರಿಸಿ ಹಿಂದಿರುಗಬೇಡಿರಿ. ಬೈಲಹೊಂಗಲದವರೆಗೂ ಕರೆತನ್ನಿರಿ. ಸಾಧ್ಯವಿದ್ದರೆ ಕಡೆಯ ಒಂದು ಹರದಾರಿಯನ್ನಾದರೂ ನಡೆಸಿಯೇ ತನ್ನಿರಿ.