ಎಡೆದೊರೆ ನಾಡಿನಲ್ಲೊಂದು ದಿನ, ಕೈಯಲ್ಲೊಂದು ಆಟದ ಪೆಟ್ಟಿಗೆ

ಕೃಷ್ಣೆಯೂ ತುಂಗಭದ್ರೆಯೂ ಎರಡು ಮಗ್ಗುಲಲ್ಲಿ ಹರಿಯುವ ರಾಯಚೂರು ಸೀಮೆಯನ್ನು ಹಿಂದಿನವರು ಎಡೆದೊರೆ ನಾಡೆಂದು ಕರೆದರು. ಈ ನೆಲಕ್ಕಾಗಿ ನಡೆದ ಕಾಳಗಗಳು ಅಲ್ಪಸ್ವಲ್ಪವಲ್ಲ. 1520ರಲ್ಲಿ ಕೃಷ್ಣದೇವರಾಯನು ಬಿಜಾಪುರದ ಸೈನ್ಯವನ್ನು ಸೋಲಿಸಿದುದೂ ಇಲ್ಲಿಯೇ. ಇಂತಹ ಸೀಮೆಯನ್ನು ಒಂದೇ ದಿನದಲ್ಲಿ, ಬೆಳಿಗ್ಗೆ ರಾಯಚೂರು ನಗರ, ಮಧ್ಯಾಹ್ನ ದೇವದುರ್ಗ, ಸಂಜೆ ಮಾನ್ವಿ ಎಂದು ಸುತ್ತಿ ಬರುವುದೆಂದರೆ ಸುಮಾರು 150 ಕಿಲೋಮೀಟರಿನ ದಾರಿ. ದೊಡ್ಡವರಿಗಾದರೆ ಮಾತಿದೆ, ತೂಕಡಿಕೆಯಿದೆ. ಹನ್ನೊಂದು ವರ್ಷದ ಹುಡುಗನಿಗೆ ಏನಿದೆ?

ನಮ್ಮ ತಾಯಿಯವರಿಗೆ ಎಪ್ಪತ್ತೆಂಟು ವರ್ಷ. ಮಾನ್ವಿಯ ದಾಸರ ಸನ್ನಿಧಿಯನ್ನು ಮೊಮ್ಮಗನ ಕೈಹಿಡಿದು ನೋಡಬೇಕೆಂಬುದು ಅವರ ಬಹುದಿನದ ಆಸೆ. ಮೊಮ್ಮಗನೋ, ಬೆಂಗಳೂರಿನ ಮನೆಯಲ್ಲಿ ಮೊಬೈಲಿನಿಂದ ಮುಖವೆತ್ತದವನು. ಇನ್ನೊಂದು ಸಲ ಇಷ್ಟು ದೂರ ಬರುವ ಶಕ್ತಿ ಅವರಿಗೆ ಉಳಿದೀತೆಂದು ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಮೊಬೈಲನ್ನು ಕೊಟ್ಟರೆ ಹುಡುಗನು ಪ್ರಯಾಣಕ್ಕೆ ಎರವಾಗುತ್ತಾನೆ. ದಾರಿಯಲ್ಲಿ ವೈದ್ಯರಿಗೆ ಕರೆಮಾಡಬೇಕಾದರೆ ಅದರಲ್ಲಿ ಕರೆಂಟು ಇರುವುದಿಲ್ಲ. ಏನನ್ನೂ ಕೊಡದಿದ್ದರೆ ಗೋಳು. ಆದುದರಿಂದ ಹಳೆಯ ಕಾಲದ ಕೈಯಾಟದ ವಿಡಿಯೋ ಗೇಮೊಂದನ್ನು ಒಯ್ಯುವುದೆಂದು ತೀರ್ಮಾನವಾಯಿತು. ಅದರಲ್ಲಿ ಜಾಹೀರಾತಿಲ್ಲ, ಸಂದೇಶವಿಲ್ಲ; ನಿಲ್ಲಿಸೆಂದರೆ ನಿಲ್ಲುತ್ತದೆ.

ಆದರೆ ಯಾವುದು? ಜಾತ್ರೆಯ ಅಂಗಡಿಗಳಲ್ಲಿ ಮಾರುತ್ತಿದ್ದ ‘ಬ್ರಿಕ್ ಗೇಮ್’ ಅನ್ನು ವಾಚಕರಲ್ಲಿ ಅನೇಕರು ಬಲ್ಲರು. ಮೇಲಿನಿಂದ ಇಳಿಯುವ ಇಟ್ಟಿಗೆಗಳನ್ನು ಸಂದಿಲ್ಲದಂತೆ ಕೂಡಿಸುವ ಆ ಆಟದ ಮೂಲ ‘ಟೆಟ್ರಿಸ್’, 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿಟ್ನೊವ್ ರಚಿಸಿದುದು. ಪೆಟ್ಟಿಗೆ ಅಗ್ಗ, ಸೆಲ್ಲು ಬಹುಕಾಲ ಬರುತ್ತದೆ. ಆದರೆ ಅದರ ಕೀರಲು ಸದ್ದನ್ನು ಕಾರಿನೊಳಗೆ ಒಂದು ತಾಸು ಸಹಿಸಬಲ್ಲವರು ಋಷಿಗಳೇ ಸರಿ. ಅದನ್ನು ಬಿಟ್ಟರೆ ಜಪಾನಿನ ನಿಂಟೆಂಡೋ ಕಂಪನಿಯು 1989ರಲ್ಲಿ ಹೊರತಂದ ‘ಗೇಮ್ ಬಾಯ್’. ಇದರ ಹಿಂದಿದ್ದವರು ಗುನ್‌ಪೇ ಯೊಕೋಯಿ. ಅಗ್ಗವಾಗಿ ಸಿಗುವ ಹಳೆಯ ಸಾಮಗ್ರಿಯಿಂದಲೇ ಹೊಸ ಆಟ ಹೂಡಬೇಕೆಂಬುದು ಅವರ ಸಿದ್ಧಾಂತ. ಅದರಂತೆ ಈ ಪೆಟ್ಟಿಗೆಗೆ ಬಣ್ಣವಿಲ್ಲ, ಒಳದೀಪವೂ ಇಲ್ಲ. ಗೋಡೆ ಗಡಿಯಾರಕ್ಕೆ ಹಾಕುವಂತಹ ನಾಲ್ಕು ಸೆಲ್ಲುಗಳು ಹತ್ತು ಹದಿನೈದು ತಾಸಿಗೆ ಸಾಕು. ಅದರ ಮರುವರ್ಷ ಬಂದ ಸೇಗಾ ಕಂಪನಿಯ ‘ಗೇಮ್ ಗಿಯರ್’ ಬಣ್ಣಬಣ್ಣವಾಗಿ ಬೆಳಗುತ್ತಿತ್ತು; ಆರು ಸೆಲ್ಲುಗಳನ್ನು ನಾಲ್ಕೈದು ತಾಸಿನಲ್ಲಿ ನುಂಗುತ್ತಿತ್ತು. ಇದನ್ನು ಕೊಂಡರೆ ದೇವದುರ್ಗ ಮುಟ್ಟುವಷ್ಟರಲ್ಲಿ ಸೆಲ್ಲಿನ ಅಂಗಡಿ ಹುಡುಕಬೇಕಾದೀತು.

ನಾವು ಆರಿಸಿದ್ದು 2003ರ ‘ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿ’. ಎಲೆ ಅಡಿಕೆ ಡಬ್ಬಿಯಂತೆ ಮಡಚುತ್ತದೆ. ಮಡಚಿದರೆ ಪರದೆಗೆ ಧೂಳು ತಾಗದು. ದೀಪ ಹಚ್ಚಿದರೆ ಹತ್ತು ತಾಸು, ಆರಿಸಿದರೆ ಹದಿನೆಂಟು ತಾಸು ನಡೆಯುತ್ತದೆಂಬುದು ತಯಾರಕರ ಲೆಕ್ಕ. ಹಳೆಯ ಗೇಮ್ ಬಾಯ್ ಆಟಗಳೂ ಇದರಲ್ಲಿ ಓಡುತ್ತವೆ. ದೋಷಗಳೂ ಇವೆ. ಸಾಮಾನ್ಯ ಇಯರ್‌ಫೋನ್ ಚುಚ್ಚಲು ರಂಧ್ರವಿಲ್ಲ. ಅಮೆರಿಕದ ಬಂಧುಗಳು ಕೊಟ್ಟ ಚಾರ್ಜರಾದರೆ 120 ವೋಲ್ಟಿನದು. ನಮ್ಮ ಮನೆಯ 230 ವೋಲ್ಟಿಗೆ ಚುಚ್ಚಿದರೆ ಅದಕ್ಕೆ ಅಂತ್ಯಕಾಲವೇ. ಈಗ ಚೀನಾದಿಂದ ಬರುವ ಪೆಟ್ಟಿಗೆಗಳಲ್ಲಿ ಸಾವಿರಾರು ಹಳೆಯ ಆಟಗಳನ್ನು ತುಂಬಿಟ್ಟಿರುವುದುಂಟು. ಅವುಗಳಲ್ಲಿ ಬಹುಪಾಲು ಒಡೆಯರ ಅಪ್ಪಣೆಯಿಲ್ಲದ ನಕಲುಗಳು. ಅಲ್ಲದೆ ಸಾವಿರ ಆಟವಿದ್ದರೆ ಹುಡುಗನು ಆಡುವುದಿಲ್ಲ, ಆರಿಸುತ್ತಲೇ ಕೂಡುತ್ತಾನೆ. ನಾವು ಎರಡೇ ಆಟ ಒಯ್ದೆವು. ಒಂದು ಟೆಟ್ರಿಸ್.

ಬೆಳಿಗ್ಗೆ ರಾಯಚೂರು ಕೋಟೆ. ಒಳಸುತ್ತಿನ ಗೋಡೆಯ ಭಾರಿ ಕಲ್ಲುಗಳನ್ನು ಗಾರೆಯಿಲ್ಲದೆ ಒಂದಕ್ಕೊಂದು ಹೊಂದಿಸಿ ಕೂಡಿಸಿದ್ದಾರೆ. ಅದರಲ್ಲೊಂದು ಕಲ್ಲಿನ ಉದ್ದ 41 ಅಡಿಗೂ ಮಿಗಿಲು! 1294ರ ಶಾಸನ ಅದರ ಮೇಲಿದೆ; ಇಂತಹ ಬಂಡೆಯನ್ನು ಬಂಡಿಯ ಮೇಲೇರಿಸಿ ಕೋಣಗಳ ಸಾಲು ಎಳೆದು ತರುವ ಗೆರೆಚಿತ್ರವೂ ಇದೆ. ಹುಡುಗನು ಕೈಯಲ್ಲಿದ್ದ ಪೆಟ್ಟಿಗೆಯನ್ನು ಮಡಚಿ ಗೋಡೆಯ ಸಂದುಗಳನ್ನು ಬೆರಳಿನಿಂದ ತಡವಿದನು. “ಕಾಕಾ, ಇಲ್ಲಿ ಒಂದೂ ಗ್ಯಾಪ್ ಇಲ್ಲ” ಎಂದನು. ಇತಿಹಾಸದ ಮೇಷ್ಟರು ಇದಕ್ಕಿಂತ ಹೆಚ್ಚು ಕೇಳಲಾರರು. 1513ರ ಏಕ್ ಮಿನಾರ್ ಮಸೀದಿಯ ಒಂಟಿ ಮಿನಾರನ್ನು ಕೆಳಗಿನಿಂದಲೇ ನೋಡಿ ಹೊರಟೆವು.

ಗಬ್ಬೂರಿನಲ್ಲಿ ಇಳಿಯದೆ ಹೋಗುವವರೇ ಹೆಚ್ಚು, ಹಾಗೆ ಹೋಗಬಾರದು. ಊರೊಳಗೆ ಹಳೆಯ ಗುಡಿಗಳೂ ಶಾಸನಗಳೂ ಚೆದರಿಕೊಂಡಿವೆ. ಮಳೆಶಂಕರನ ಗುಡಿಯನ್ನು ಸುತ್ತಿ, ತಾಯಿಯವರನ್ನು ನೆರಳಿನಲ್ಲಿ ಕುಳ್ಳಿರಿಸಿ ನೀರು ಕೊಟ್ಟೆವು. ಫೆಬ್ರವರಿಯ ಕೊನೆಯಾದರೂ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಇಂತಹ ಬಿಸಿಲಿನಲ್ಲಿ ಹೊಸ ಮೊಬೈಲಿನ ಹೊಳಪು ಪರದೆ ಕನ್ನಡಿಯಾಗಿಬಿಡುತ್ತದೆ. ಹಳೆಯ ಪೆಟ್ಟಿಗೆಯ ಪರದೆಯಾದರೋ ಹೊರಗಿನ ಬೆಳಕನ್ನೇ ಉಂಡು ನಿಚ್ಚಳವಾಗುತ್ತದೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಬಾಗಿಲು ಮುಚ್ಚಿ ನಿಲ್ಲಿಸಿದ ಕಾರಿನಲ್ಲಿ ಅದನ್ನು ಬಿಡಬಾರದು. ಕಾವಿಗೆ ಪರದೆ ಕಪ್ಪಿಡುತ್ತದೆ, ಲಿಥಿಯಂ ಬ್ಯಾಟರಿಯ ಆಯುಷ್ಯವೂ ತಗ್ಗುತ್ತದೆ. ರೊಟ್ಟಿಯ ಗಂಟಿನೊಡನೆ ಅದನ್ನೂ ಚೀಲದಲ್ಲಿಟ್ಟು ಇಳಿಸುತ್ತಿದ್ದೆವು.

ದೇವದುರ್ಗದಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಊಟವಾಯಿತು. ಊಟದ ನಂತರ ಹುಡುಗನು ಪೆಟ್ಟಿಗೆ ತೆಗೆದನು. ತಾಯಿಯವರು ಕಥೆ ತೆಗೆದರು. ಈ ತಾಲ್ಲೂಕಿನ ಮೊಸರಕಲ್ಲು ಗೋಪಾಲದಾಸರ ಹುಟ್ಟೂರು. ಮಾನ್ವಿಯ ಜಗನ್ನಾಥದಾಸರು ಹೊಟ್ಟೆನೋವಿನಿಂದ ಸಾಯುವ ಸ್ಥಿತಿಯಲ್ಲಿದ್ದಾಗ, ಗುರು ವಿಜಯದಾಸರ ಮಾತಿನಂತೆ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಅವರಿಗೆ ಧಾರೆಯೆರೆದರೆಂದು ಪ್ರತೀತಿ. ಹುಡುಗನ ಹೆಬ್ಬೆರಳು ಗುಂಡಿಯ ಮೇಲೆಯೇ ನಿಂತಿತು.

“ಅಂದ್ರ ಅಜ್ಜಿ, ತಮ್ಮ ಲೈಫ್ ಅವರಿಗೆ ಕೊಟ್ರೇನು?”

“ಹೌದಪಾ, ನಲವತ್ತು ವರ್ಷ ಎತ್ತಿ ಕೊಟ್ರು.”

“ಮತ್ತ ಅವರಿಗೆ ಎಷ್ಟು ಉಳೀತು?”

ತಾಯಿಯವರು ಕೂಡಲೇ ಉತ್ತರ ಕೊಡಲಿಲ್ಲ. ಸಿರವಾರದವರೆಗೆ ಆ ಪ್ರಶ್ನೆಯ ಮೇಲೆಯೇ ಅಜ್ಜಿ ಮೊಮ್ಮಕ್ಕಳ ಚರ್ಚೆ ನಡೆಯಿತು. ಪೆಟ್ಟಿಗೆ ನನ್ನ ಜೇಬಿಗೆ ಬಂದಿತು; ನಾನೂ ಒಂದು ಕೈ ನೋಡಿದೆನೆಂಬುದನ್ನು ಮುಚ್ಚಿಡುವುದಿಲ್ಲ.

ಸಿರವಾರ ದಾಟಿ ಮಾನ್ವಿಯ ಕಡೆಗೆ ಸಾಗಿದಂತೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆಗಳು ಕಣ್ಣಿಗೆ ತಂಪೆರೆದವು. ಬ್ಯಾಗವಾಟದಲ್ಲಿ ಹುಟ್ಟಿ, ‘ಹರಿಕಥಾಮೃತಸಾರ’ವನ್ನು ರಚಿಸಿ, 1809ರಲ್ಲಿ ಕಣ್ಮರೆಯಾದ ಜಗನ್ನಾಥದಾಸರು ಮಾನ್ವಿಯ ಮಂದಿರದ ಕಂಬದಲ್ಲಿ ನೆಲೆಸಿರುವರೆಂದು ಭಕ್ತರ ನಂಬಿಕೆ. ತಾಯಿಯವರು ಆ ಕಂಬದ ಮುಂದೆ ಬಹಳ ಹೊತ್ತು ಕೈಮುಗಿದು ನಿಂತರು. ಕಾಲು ನೋಯುವುದೆಂದು ನಾನು ಹತ್ತಿರ ಹೋಗುವಷ್ಟರಲ್ಲಿ ಹುಡುಗನು ತನ್ನ ಹೆಗಲನ್ನು ಅವರ ಕೈಗೆ ಕೊಟ್ಟಾಗಿತ್ತು.

ಹಿಂದಿರುಗುವ ದಾರಿಯಲ್ಲಿ ಕತ್ತಲಾಯಿತು. ದೀಪವಿಲ್ಲದ ಮೊದಲಿನ ಗೇಮ್ ಬಾಯ್ ತಂದಿದ್ದರೆ ಈ ಹೊತ್ತಿನಲ್ಲಿ ನಿರುಪಯೋಗಿಯಾಗುತ್ತಿತ್ತು. ಎಸ್‌ಪಿಯ ಬ್ಯಾಟರಿ ಮುಗಿಯುತ್ತ ಬಂದರೆ ಬದಿಯ ಹಸಿರು ದೀಪ ಕೆಂಪಾಗುತ್ತದೆ. ರಾಯಚೂರಿನ ಬೀದಿದೀಪಗಳು ಕಾಣುವವರೆಗೂ ಅದು ಹಸಿರಾಗಿಯೇ ಇತ್ತು. ಹುಡುಗನು ಮಾತ್ರ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಎಂದೋ ನಿದ್ರೆಹೋಗಿದ್ದನು.