ಇಂಜಿನ್ನಿಗೊಂದು ಪೆಟ್ಟಿಗೆ

ಗದ್ದಲ ಮಾಡುವವರಿಗೆ ತಮ್ಮ ಗದ್ದಲ ಕೇಳಿಸುವುದಿಲ್ಲ ಎಂಬುದು ಜಗತ್ತಿನ ಹಳೆಯ ದೂರು. ನನ್ನ ವಾದ ಅದಕ್ಕೆ ಉಲ್ಟಾ. ಇಂಜಿನ್ನಿನ ಸದ್ದನ್ನು ಅದರ ಮಾಲೀಕನಷ್ಟು ಭಕ್ತಿಯಿಂದ ಇನ್ಯಾರೂ ಕೇಳುವುದಿಲ್ಲ.

ಚಡಚಣದಿಂದ ಭೀಮಾ ಹೊಳೆಯ ಕಡೆ ಹೊರಟರೆ ದಂಡೆಗುಂಟ ಕಬ್ಬು, ಹೊಳೆ ದಾಟಿದರೆ ಸೊಲ್ಲಾಪುರ ಜಿಲ್ಲೆ. ಕರೆಂಟನ್ನು ನಂಬಿ ನೀರು ಹಾಯಿಸುವಂತಿಲ್ಲದ ಕಾಲದಲ್ಲಿ ಎರಡೂ ದಂಡೆಯ ಮೇಲೆ ಡೀಸೆಲ್ ಇಂಜಿನ್ನುಗಳು ಒದರುತ್ತಿದ್ದವು. ರಾತ್ರಿ ಊಟಕ್ಕೆ ಕೂತ ರೈತ ತುತ್ತು ಕೈಯಲ್ಲಿ ಹಿಡಿದು ಒಮ್ಮೆಲೇ ಸುಮ್ಮನಾಗುತ್ತಿದ್ದ. "ಪಂಪ್ ಗಾಳಿ ಎಳ್ಯಾಕತ್ತೈತಿ" ಎಂದವನೇ ಬ್ಯಾಟರಿ ಹಿಡಿದು ಎದ್ದುಬಿಡುತ್ತಿದ್ದ. ಫುಟ್‌ವಾಲ್ವ್ ನೀರು ಬಿಟ್ಟರೆ ಇಂಜಿನ್ನಿನ ಮೇಲಿನ ಹೊರೆ ಇಳಿಯುತ್ತದೆ, ಸದ್ದು ಹಗುರಾಗುತ್ತದೆ. ಅತಿಥಿಯಾಗಿ ಹೋದ ನಮಗೆ ಎರಡೂ ಒಂದೇ ಧಡಧಡ. ಅವನಿಗೆ ಮಾತ್ರ ಅದು ಹೊಲದಿಂದ ಬಂದ ತಂತಿ ಸುದ್ದಿ.

ಇದೆಲ್ಲ ನೆನಪಾದದ್ದು ಹೊರದೇಶದಲ್ಲಿರುವ ನಮ್ಮ ಹುಡುಗನೊಬ್ಬನ ಫೋನಿನಿಂದ. ಗೆಳೆಯರ ಜೊತೆ ಸೇರಿ ಒಂದು ಹಳೆಯ ಹಾಯಿದೋಣಿ ಕೊಂಡಿದ್ದಾನೆ. ಅದರ ಇಂಜಿನ್ನಿಗೆ ಸುತ್ತಲೂ ಪೆಟ್ಟಿಗೆ ಕಟ್ಟುವುದೇ ಈಗ ಅವನ ಭಾನುವಾರಗಳ ಉದ್ಯೋಗ. ಪಕ್ಕದಲ್ಲಿದ್ದ ನಮ್ಮ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಹಾಯಿ ಇದ್ದ ಮ್ಯಾಲ ಇಂಜಿನ್ ಯಾಕೋ ತಮ್ಮಾ?"

ಹುಡುಗ ಉತ್ತರ ಹುಡುಕುತ್ತಿದ್ದಾಗ ಅತ್ತೆಯೇ ಹಾದಿ ಕಂಡುಕೊಂಡರು. ಕಣದಲ್ಲಿ ಬಿಳಿಜೋಳದ ರಾಶಿ ಹಾಕಿಕೊಂಡು ಮೊರ ಎತ್ತಿ ಹಿಡಿದು ನಿಂತವರಿಗೆ ಗಾಳಿಯ ಸೊಕ್ಕು ಗೊತ್ತು. ಬೇಕೆಂದಾಗ ಬರುವುದಿಲ್ಲ, ಬಂದರೆ ಹೊಟ್ಟಿನ ಜೊತೆ ಕಾಳನ್ನೂ ಒಯ್ಯುತ್ತದೆ. ಸಮುದ್ರದಲ್ಲೂ ಅದೇ ಗಾಳಿ. ಅದು ಬಿದ್ದುಹೋದಾಗ, ಬಂದರಿನ ಇಕ್ಕಟ್ಟಿನಲ್ಲಿ ದೋಣಿ ತಿರುಗಿಸುವಾಗ ಇಂಜಿನ್ ಬೇಕೇ ಬೇಕು. ಆದರೆ ಸಣ್ಣ ದೋಣಿಯಲ್ಲಿ ಅದಕ್ಕೆ ಬೇರೆ ಕೋಣೆ ಎಲ್ಲಿಂದ ಬರಬೇಕು? ಸಾಮಾನ್ಯವಾಗಿ ಒಳಗಿಳಿಯುವ ಏಣಿಯ ಹಿಂದೆಯೇ ಅದರ ಬಿಡಾರ. ಅಡುಗೆ ಕಟ್ಟೆ ಒಂದು ಕಡೆ, ಮಲಗುವ ಹಲಗೆ ಇನ್ನೊಂದು ಕಡೆ, ನಡುವೆ ಡೀಸೆಲ್ ಇಂಜಿನ್. ಹಿಟ್ಟಿನ ಗಿರಣಿಯೊಳಗೆ ಸಂಸಾರ ಹೂಡಿದ ಹಾಗೆ.

ಗಿರಣಿ ಎಂದೆನಲ್ಲ, ಅದನ್ನು ಹಾಗೇ ದಾಟಿ ಹೋಗಲು ಮನಸ್ಸು ಬಾರದು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ 1946ರಲ್ಲಿ ಪುಣೆಯಲ್ಲಿ ಆಯಿಲ್ ಇಂಜಿನ್ ಕಂಪನಿ ತೆಗೆಯಿತು. ಇಂಗ್ಲೆಂಡಿನ ಲಿಸ್ಟರ್ ಇಂಜಿನ್ನಿನ ನಮೂನೆಯನ್ನು ರಾಜಕೋಟದ ಕಾರ್ಖಾನೆಗಳು ಎರಕ ಹೊಯ್ದು ಮಾರಿದವು. ಆ ಲಿಸ್ಟರ್ ಜಾತಿಯ ಇಂಜಿನ್ ಚಾಲೂ ಮಾಡುವುದನ್ನು ನೋಡಬೇಕು. ಒಂದು ಲಿವರ್ ಎತ್ತಿ ಸಿಲಿಂಡರಿನ ಗಾಳಿಗೆ ಹೊರಹೋಗಲು ದಾರಿ ಬಿಡುತ್ತಾರೆ. ಒಬ್ಬ ಹ್ಯಾಂಡಲ್ ಹಾಕಿ ತಿರುವುತ್ತಾನೆ. ಮೊದಲು ಕೊಸರಾಡಿದ ದೊಡ್ಡ ಗಾಲಿ ಆಮೇಲೆ ತನ್ನ ಭಾರಕ್ಕೇ ಓಡತೊಡಗುತ್ತದೆ. ಲಿವರ್ ಕೆಡವಿದೊಡನೆ ಒಂದು ಢುಕ್, ಒಂದು ಸುರುಳಿ ಕರಿ ಹೊಗೆ, ಆಮೇಲೆ ಸಾಲುಗಟ್ಟಿ ಢುಕ್ ಢುಕ್. ನಿಮಿಷಕ್ಕೆ 650 ಸುತ್ತು, ಎರಡು ಸುತ್ತಿಗೊಂದು ಸ್ಫೋಟ. ಸೆಕೆಂಡಿಗೆ ಐದಕ್ಕಿಂತ ತುಸು ಹೆಚ್ಚು, ಕಿವಿ ಎಣಿಸಬಹುದೇನೋ ಎನ್ನುವಷ್ಟು ನಿಧಾನ. ಕಿಡಿಯ ಹಂಗಿಲ್ಲದೆ, ಒತ್ತಿ ಒತ್ತಿ ಕಾಯಿಸಿದ ಗಾಳಿಯಲ್ಲಿ ಎಣ್ಣೆ ತಾನಾಗಿ ಭಗ್ಗೆನ್ನುವುದು ಡೀಸೆಲ್ಲಿನ ಗುಣ. ಆ ಏಟೇ ಅದರ ಗಂಟಲು.

ಗಿರಣಿಯವನೂ ತಕ್ಕಮಟ್ಟಿಗೆ ಸದ್ದಿನ ಶಾಸ್ತ್ರಜ್ಞ. ಹೊಗೆ ಕೊಳವೆಯನ್ನು ನೆಲದಲ್ಲಿ ತೋಡಿದ ಗುಂಡಿಗೆ ಬಿಟ್ಟು, ಮೇಲೆ ಕಲ್ಲು ತುಂಬಿದರೆ ಢುಕ್ ಎನ್ನುವುದು ಗುಮ್ ಎನ್ನುವಷ್ಟಕ್ಕೆ ಇಳಿಯುತ್ತದೆ. ಅದನ್ನು ಪೂರ್ತಿ ಅಡಗಿಸುವ ಆಸೆ ಅವನಿಗೂ ಇರಲಿಲ್ಲ. ಗಿರಣಿ ಚಾಲೂ ಆಯಿತೆಂದು ಊರಿಗೆ ಡಂಗುರ ಸಾರುತ್ತಿದ್ದುದೇ ಆ ಸದ್ದು. ಕೇಳಿದವರು ಜೋಳದ ಬುಟ್ಟಿ ಹೊತ್ತು ಮನೆ ಬಿಡುತ್ತಿದ್ದರು.

ಅದಕ್ಕೂ ಮೊದಲು ಇದೇ ಸೀಮೆಯಲ್ಲಿ ಬೆಳಗಿನ ಜಾವ ಮನೆಮನೆಯಲ್ಲಿ ಬೀಸುಕಲ್ಲು ತಿರುಗುತ್ತಿತ್ತು. ಕಲ್ಲೂ ಸದ್ದು ಮಾಡುತ್ತದೆ, ಆದರೆ ಅದರ ಗುರುಗುರು ಹಾಡಿಗೆ ಜಾಗ ಬಿಡುವಂಥದ್ದು. ಹತ್ತಿರದ ಹಲಸಂಗಿಯ ಮಧುರಚೆನ್ನರು, ಚಡಚಣದವರೇ ಆದ ಸಿಂಪಿ ಲಿಂಗಣ್ಣನವರು ಮತ್ತು ಗೆಳೆಯರು ಆ ಹಾಡುಗಳನ್ನು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದರು. ಸರಿಯಾದ ಹೊತ್ತಿಗೇ ಮಾಡಿದರು. ಇಂಜಿನ್ನಿನ ಎದುರು ಯಾವ ಗರತಿ ಎಷ್ಟು ಹೊತ್ತು ಹಾಡಿಯಾಳು? ಗಿರಣಿ ಅವಳ ರಟ್ಟೆಯ ನೋವು ಕಳೆಯಿತು ಎಂಬುದನ್ನು ಮರೆತು ನಾನು ಹಳಹಳಿಸಲಾರೆ. ನಮ್ಮ ಅತ್ತೆಯ ಮುಂದೆ ಬೀಸುಕಲ್ಲಿನ ಸೊಗಸು ಹೇಳಿ ನೋಡಿ, ಗೊತ್ತಾಗುತ್ತದೆ.

ಈಗ ಪೆಟ್ಟಿಗೆಯ ಮಾತು. ಸದ್ದು ತಡೆಯಲು ಬೇಕಾದದ್ದು ಭಾರ. ತೆಳು ಹಲಗೆ ಇಂಜಿನ್ನಿನ ಜೊತೆ ತಾನೂ ನಡುಗಿ ಎರಡನೆಯ ತಮಟೆಯಾಗುತ್ತದೆ. ಗೋಡೆಯ ತೂಕ ಇಮ್ಮಡಿಯಾದರೆ ಲೆಕ್ಕದ ಪ್ರಕಾರ 6 ಡೆಸಿಬೆಲ್ ಇಳಿತ. ಆದ್ದರಿಂದ ದೋಣಿಯವರು ಹಲಗೆಗೆ ಫೋಮ್, ಫೋಮಿನ ನಡುವೆ ಸೀಸದ ಹಾಳೆ ಇಲ್ಲವೇ ಭಾರದ ವಿನೈಲ್ ಹಾಳೆ ಹಚ್ಚುತ್ತಾರೆ. ಬರೀ ಫೋಮ್ ಅಂಟಿಸಿದರೆ ಪೆಟ್ಟಿಗೆಯೊಳಗಿನ ಪ್ರತಿಧ್ವನಿ ಸಾಯುತ್ತದೆಯೇ ಹೊರತು ಗೋಡೆ ದಾಟುವ ಸದ್ದು ನಿಲ್ಲುವುದಿಲ್ಲ. ಇಷ್ಟೆಲ್ಲ ಮಾಡಿ ಒಂದು ಸಂದಿ ಬಿಟ್ಟರೆ ಮುಗಿಯಿತು. ಗೋಡೆಯಲ್ಲಿ ನೂರಕ್ಕೊಂದು ಪಾಲು ತೂತಿದ್ದರೂ, ಉಳಿದದ್ದು ಕೋಟೆಯ ಗೋಡೆಯಾಗಿದ್ದರೂ, 20 ಡೆಸಿಬೆಲ್ಲಿನ ಆಚೆಗೆ ಸದ್ದು ಇಳಿಯುವುದಿಲ್ಲ. ಇಂಜಿನ್ನಿನ ಕಾಲಡಿ ರಬ್ಬರ್ ಇಡದಿದ್ದರೆ ನಡುಕ ನೇರ ದೋಣಿಯ ಮೈಗೇ ಇಳಿದು, ಪೆಟ್ಟಿಗೆಯನ್ನು ಬಳಸಿಕೊಂಡು ಬಂದು ಮಲಗಿದವರ ಬೆನ್ನಿಗೆ ತಾಗುತ್ತದೆ.

ಹಾಗಂತ ಸಂದಿಯೆಲ್ಲ ಬಿಗಿದರೆ? ಮದುವೆ ಮನೆಗಳಿಗೆ ಜನರೇಟರ್ ಒದಗಿಸುವ ನಮ್ಮ ಪರಿಚಯದ ಮೇಸ್ತ್ರಿಗೆ ಈ ಪ್ರಶ್ನೆ ಹಾಕಿದೆ. "ಬಾಯಿ ಮುಚ್ಚಸ್ರಿ, ಬ್ಯಾಡ ಅನ್ನಂಗಿಲ್ಲ. ಮೂಗ ಮುಚ್ಚಬ್ಯಾಡ್ರಿ" ಎಂದ. ಇಂಜಿನ್ನಿಗೆ ಉರಿಯಲು ಗಾಳಿ ಬೇಕು, ಮೈ ಆರಿಸಿಕೊಳ್ಳಲು ಇನ್ನಷ್ಟು ಗಾಳಿ ಬೇಕು. ಅವನ ಜನರೇಟರಿನ ಪೆಟ್ಟಿಗೆಯ ಬಾಗಿಲು ತೆಗೆಸಿ ನೋಡಿದೆ. ಗಾಳಿಯ ದಾರಿ ನೆಟ್ಟಗಿಲ್ಲ, ಫೋಮ್ ಹಚ್ಚಿದ ಅಡ್ಡಗೋಡೆಗಳ ನಡುವೆ ಸೊಟ್ಟಂಪಟ್ಟ ಹಾಯುತ್ತದೆ. ಗಾಳಿ ತಿರುವಿನಲ್ಲಿ ಸಲೀಸಾಗಿ ನುಸುಳುತ್ತದೆ, ಸದ್ದು ಪ್ರತಿ ತಿರುವಿನಲ್ಲೂ ಫೋಮಿಗೆ ಡಿಕ್ಕಿ ಹೊಡೆದು ಸೊರಗುತ್ತದೆ. ಇದೇನು ಅವನ ಔದಾರ್ಯವಲ್ಲ. 2005ರಿಂದ ಇಂಥ ಹೊಸ ಜನರೇಟರುಗಳು ಕಾರ್ಖಾನೆಯಿಂದಲೇ ಪೆಟ್ಟಿಗೆ ತೊಟ್ಟು ಬರಬೇಕು, ಪೆಟ್ಟಿಗೆಯಿಂದ ಒಂದು ಮೀಟರ್ ದೂರದಲ್ಲಿ ಸದ್ದು 75 ಡೆಸಿಬೆಲ್ ಮೀರಬಾರದು ಎಂದು ಸರ್ಕಾರದ ನಿಯಮವಿದೆ. ಪಕ್ಕದಲ್ಲಿ ಕಟ್ಟಿದ ಡಿಜೆಗೆ ಆ ಪೆಟ್ಟಿಗೆಯನ್ನು ಯಾವಾಗ ತೊಡಿಸುತ್ತಾರೋ ಕಾದು ನೋಡಬೇಕು.

ಮೇಸ್ತ್ರಿಗೆ ಒಂದು ಕೊರಗಿದೆ. ಮೊದಲು ಚಪ್ಪರದ ಮೂಲೆಯಲ್ಲಿ ಉಣ್ಣುತ್ತ ಕೂತೇ ಮಷೀನಿನ ಹಣೆಬರಹ ತಿಳಿಯುತ್ತಿತ್ತು, ಈಗ ಮೀಟರ್ ನೋಡಲು ಎದ್ದು ಹೋಗಬೇಕು. ಇದನ್ನು ನಾನು ಬರೀ ಹಳಬರ ಗೊಣಗಾಟ ಎನ್ನಲಾರೆ. ಪೆಟ್ಟಿಗೆ ಕಟ್ಟುವವನು ಉಸಿರಿಗೊಂದು ದಾರಿ ಬಿಡುವ ಹಾಗೆ ಕಿವಿಗೂ ಒಂದು ದಾರಿ ಬಿಡಬೇಕು. ನೀರಿನ ಬಿಸಿ ತೋರಿಸುವ ಮುಳ್ಳೋ, ಎಣ್ಣೆಯ ಒತ್ತಡ ಕುಸಿದರೆ ಕೂಗುವ ಗಂಟೆಯೋ, ಅಥವಾ ಸುಲಭವಾಗಿ ತೆರೆಯುವ ಮುಚ್ಚಳವೋ, ಏನೋ ಒಂದು. ಅದಿಲ್ಲದಿದ್ದರೆ ಗದ್ದಲದ ಜೊತೆಗೆ ಸುದ್ದಿಯನ್ನೂ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಂತೆ.

ಮೊನ್ನೆ ಹುಡುಗ ಮತ್ತೆ ಫೋನ್ ಮಾಡಿದ್ದ. ಪೆಟ್ಟಿಗೆ ಚೆಂದ ಆಗಿದೆಯಂತೆ, ಇಂಜಿನ್ ನಡೆದಿರುವಾಗಲೂ ಒಳಗೆ ಕೂತು ಮಾತಾಡಬಹುದಂತೆ. ಅವನ ಹೆಂಡತಿ ನಡುವೆ ಬಾಯಿ ಹಾಕಿ ಉಳಿದದ್ದನ್ನು ಹೇಳಿದಳು: ಹತ್ತು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ಎಲ್ಲ ಸರಿ ಇದೆಯೋ ಎಂದು ಕಿವಿಗೊಟ್ಟು ಕೇಳುತ್ತಾನಂತೆ. ಅತ್ತೆಗೆ ಖುಷಿಯೋ ಖುಷಿ. "ಹೊಳಿ ದಂಡಿ ಮಂದಿ ಅಂದ್ರ ಮಂದಿ" ಎಂದರು.